ಕಲ್ಲಿದ್ದಲ ಎಣ್ಣೆಯ ಜಾತಕ

ಕಲ್ಲಿದ್ದಲನ್ನು ದ್ರವವಾಗಿಸುವ ವಿದ್ಯೆಗೆ ನೂರು ವರ್ಷ ದಾಟಿದೆ. ಹಾಗೆ ಇಳಿದ ಎಣ್ಣೆಯಲ್ಲಿ ಏನೇನಿದೆ ಎಂದು ಬಿಡಿಸಿ ಹೇಳುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ. ಅದು ಇಂಧನವೋ ವಿಷವೋ ಎಂಬುದು ತೀರ್ಮಾನವಾಗುವುದು ಅಲ್ಲೇ.

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಗಾಜಿನ ಸೀಸೆ. ಒಳಗೆ ಜೋನಿಬೆಲ್ಲದಷ್ಟು ಮಂದವಾದ, ಅದಕ್ಕಿಂತ ಬಹಳ ಕಪ್ಪಾದ ದ್ರವ. ಸೀಸೆಯನ್ನು ಓರೆ ಮಾಡಿದರೆ ಗಾಜಿಗೆ ಅಂಟಿದ ತೆಳು ಪದರ ಕಂದು ಬಣ್ಣದಲ್ಲಿ ಮೆಲ್ಲಗೆ ಜಾರುತ್ತದೆ. ಮುಚ್ಚಳ ಸ್ವಲ್ಪ ಸಡಿಲಿಸಿದರೆ ಸಾಕು, ಮೂರು ಪರಿಚಿತ ವಾಸನೆಗಳು ಒಟ್ಟಿಗೇ ಮೂಗಿಗೆ ಬಡಿಯುತ್ತವೆ: ಆಸ್ಪತ್ರೆ ವರಾಂಡದ ಕರಿ ಫಿನಾಯಿಲ್, ಅಜ್ಜಿಯ ಟ್ರಂಕಿನ ನುಸಿಗುಳಿಗೆ, ಬಿಸಿ ಡಾಂಬರು.

ಮೂಗು ಹೇಳಿದ್ದು ಸರಿಯೇ. ಫಿನಾಯಿಲ್ ಘಾಟಿನ ಹಿಂದಿರುವ ಫೀನಾಲ್ ಮತ್ತು ಕ್ರೆಸಾಲ್‌ಗಳು, ನುಸಿಗುಳಿಗೆಯ ನಾಫ್ತಲೀನ್, ಡಾಂಬರಿನ ಜಿಗುಟಿನಂಥ ಭಾರದ ಅಣುಗಳು, ಎಲ್ಲವೂ ಆ ಸೀಸೆಯಲ್ಲಿವೆ. ಅದು ಕಲ್ಲಿದ್ದಲಿನ ಪುಡಿಗೆ ಬಿಸಿ, ಒತ್ತಡ ಮತ್ತು ಜಲಜನಕ ಕೊಟ್ಟು ಕರಗಿಸಿ ತೆಗೆದ ಎಣ್ಣೆ. ಮೂಗಿಗೆ ಸಿಕ್ಕಿದ್ದು ಮೂರು ವಾಸನೆ. ಉಪಕರಣಗಳಿಗೆ ಸಿಗುವ ಸಂಯುಕ್ತಗಳು ಸಾವಿರಾರು. ನಾವು ‘ಎಣ್ಣೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನಿಜದಲ್ಲಿ ಒಂದು ದೊಡ್ಡ ಸಂತೆ. ಆ ಸಂತೆಯಲ್ಲಿ ಪೆಟ್ರೋಲ್ ಆಗಬಲ್ಲವರೂ ಇದ್ದಾರೆ, ಪೈಪು ಕಟ್ಟಿಸುವವರೂ ಇದ್ದಾರೆ, ಚರ್ಮಕ್ಕೆ ಕ್ಯಾನ್ಸರ್ ತರುವವರೂ ಇದ್ದಾರೆ. ಯಾರು ಎಷ್ಟಿದ್ದಾರೆ ಎಂದು ಬೇರೆ ಮಾಡಿ ನೋಡದೆ ಆ ಎಣ್ಣೆಯ ಬಗ್ಗೆ ಯಾವ ಮಾತೂ ಆಡುವಂತಿಲ್ಲ.

ಜಲಜನಕದ ಬಡತನ

ಕಲ್ಲಿದ್ದಲಿಗೂ ಪೆಟ್ರೋಲಿಗೂ ಇರುವ ಮುಖ್ಯ ವ್ಯತ್ಯಾಸ ಜಲಜನಕದ ಲೆಕ್ಕದಲ್ಲಿದೆ. ಪೆಟ್ರೋಲಿನಲ್ಲಿ 100 ಇಂಗಾಲದ ಪರಮಾಣುಗಳಿಗೆ ಹತ್ತಿರಹತ್ತಿರ 200 ಜಲಜನಕದ ಪರಮಾಣುಗಳಿರುತ್ತವೆ. ಸಾಮಾನ್ಯ ಕಲ್ಲಿದ್ದಲಿನಲ್ಲಿ ಅದೇ 100ಕ್ಕೆ 70–80 ಮಾತ್ರ. ಜಲಜನಕ ಕಡಿಮೆಯಾದಷ್ಟೂ ಇಂಗಾಲದ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡು ಹಲಗೆಯಂತಾಗುತ್ತವೆ, ಹಲಗೆಗಳು ಸೇರಿ ಗಟ್ಟಿಯಾದ ಹೆಣಿಗೆಯಾಗುತ್ತದೆ. ಅದನ್ನು ದ್ರವ ಮಾಡಬೇಕೆಂದರೆ ಹೆಣಿಗೆಯನ್ನು ಬಿಚ್ಚಬೇಕು, ಬಿಚ್ಚಿದ ತುದಿಗಳಿಗೆ ಜಲಜನಕ ಕೂರಿಸಬೇಕು.

ಜರ್ಮನಿಯ ಫ್ರೀಡ್ರಿಶ್ ಬೆರ್ಗಿಯುಸ್ 1913ರಲ್ಲಿ ಪೇಟೆಂಟ್ ಪಡೆದದ್ದು ಇದೇ ವಿದ್ಯೆಗೆ. ಕಲ್ಲಿದ್ದಲಿನ ಪುಡಿಯನ್ನು ಭಾರದ ಎಣ್ಣೆಯಲ್ಲಿ ಹಿಟ್ಟಿನಂತೆ ಕಲಸಿ, ನೂರಾರು ವಾತಾವರಣದಷ್ಟು ಒತ್ತಡದ ಜಲಜನಕದಲ್ಲಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವುದು. 1927ರಲ್ಲಿ ಲಾಯ್ನಾದ ಕಾರ್ಖಾನೆಯಲ್ಲಿ ಕಂದು ಕಲ್ಲಿದ್ದಲಿನಿಂದ ಪೆಟ್ರೋಲ್ ತೆಗೆಯುವುದು ಶುರುವಾಯಿತು. ಕಲ್ಲಿದ್ದಲಿನ ಗಂಧಕಕ್ಕೆ ಸೋಲದ ವೇಗವರ್ಧಕಗಳನ್ನು ಮಥಿಯಾಸ್ ಪೀರ್ ಮತ್ತು ಅವನ ಸಂಗಡಿಗರು ಹುಡುಕಿದ ಮೇಲೆ ಅದು ಕಾರ್ಖಾನೆಯ ಮಟ್ಟದಲ್ಲಿ ಸಾಧ್ಯವಾಯಿತು. ಅಧಿಕ ಒತ್ತಡದ ರಸಾಯನಶಾಸ್ತ್ರಕ್ಕಾಗಿ 1931ರ ನೊಬೆಲ್ ಬೆರ್ಗಿಯುಸ್ ಮತ್ತು ಕಾರ್ಲ್ ಬಾಷ್ ಇಬ್ಬರಿಗೂ ಬಂತು.

ಎರಡನೇ ಮಹಾಯುದ್ಧದಲ್ಲಿ ಸ್ವಂತ ತೈಲ ಸಾಲದಿದ್ದ ಜರ್ಮನಿಯ ವಿಮಾನಗಳು ಹಾರಿದ್ದು ಬಹುಪಾಲು ಈ ಎಣ್ಣೆಯಿಂದಲೇ. 1944ರ ಮೇ 12ರಂದು ಅಮೆರಿಕದ ಬಾಂಬರ್ ವಿಮಾನಗಳು ಲಾಯ್ನಾ ಮೊದಲಾದ ಕಾರ್ಖಾನೆಗಳ ಮೇಲೆರಗಿದವು. ದಾಳಿಗೆ ಮುಂಚೆ ತಿಂಗಳಿಗೆ 3.16 ಲಕ್ಷ ಟನ್ ಇದ್ದ ಕೃತಕ ಇಂಧನದ ಉತ್ಪಾದನೆ ಸೆಪ್ಟೆಂಬರ್ ಹೊತ್ತಿಗೆ 17,000 ಟನ್ನಿಗೆ ಕುಸಿಯಿತು. ಯುದ್ಧ ಮುಗಿದು ಅಗ್ಗದ ಅರಬ್ ತೈಲ ಹರಿದುಬಂದಾಗ ಈ ವಿದ್ಯೆ ಮೂಲೆ ಸೇರಿತು. 1973ರ ತೈಲ ಬಿಕ್ಕಟ್ಟು ಅದನ್ನು ಮತ್ತೆ ಎಬ್ಬಿಸಿತು. ಅಮೆರಿಕದ ಫೋರ್ಟ್ ಲೂಯಿಸ್, ಬೇಟೌನ್, ಕ್ಯಾಟ್ಲೆಟ್ಸ್‌ಬರ್ಗ್‌ಗಳಲ್ಲಿ ಪ್ರಾಯೋಗಿಕ ಘಟಕಗಳು ಎದ್ದವು. ಈ ಎಣ್ಣೆಯನ್ನು ಬಿಡಿಬಿಡಿಯಾಗಿ ಅರಿಯುವ ಕೆಲಸ ಭರದಿಂದ ನಡೆದದ್ದು ಆ ಹತ್ತು–ಹದಿನೈದು ವರ್ಷಗಳಲ್ಲಿ.

ಒಳಗೆ ನಡೆಯುವ ಕೊಡುಕೊಳ್ಳುವಿಕೆಯನ್ನು ನೋಡಲು ನುಸಿಗುಳಿಗೆಯೇ ಸಾಕು. ನಾಫ್ತಲೀನ್ ಎಂದರೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಉಂಗುರ; 10 ಇಂಗಾಲ, 8 ಜಲಜನಕ. ಅದಕ್ಕೆ ಇನ್ನು ನಾಲ್ಕು ಜಲಜನಕ ಸೇರಿಸಿದರೆ ಟೆಟ್ರಾಲಿನ್ ಎಂಬ ದ್ರವವಾಗುತ್ತದೆ. ಬಿಸಿಗೆ ಕಲ್ಲಿದ್ದಲಿನ ಕೊಂಡಿಗಳು ಕಳಚಿ, ತುಂಡಾದ ಅಣುಗಳು ಕೈ ಚಾಚಿ ನಿಂತಾಗ ಟೆಟ್ರಾಲಿನ್ ತನ್ನ ನಾಲ್ಕು ಜಲಜನಕಗಳನ್ನು ಅವುಗಳಿಗೆ ಕೊಟ್ಟು ತಾನು ಮತ್ತೆ ನಾಫ್ತಲೀನ್ ಆಗುತ್ತದೆ. ಕೊಡುವವರು ಆ ಹೊತ್ತಿಗೆ ಇಲ್ಲದಿದ್ದರೆ ತುಂಡುಗಳು ಒಂದಕ್ಕೊಂದು ಅಂಟಿ ಕೋಕ್ ಆಗುತ್ತವೆ, ಪೈಪು ಕಟ್ಟುತ್ತದೆ. ಕಾರ್ಖಾನೆಯಲ್ಲಿ ಟೆಟ್ರಾಲಿನ್ ಕೊಂಡು ತಂದು ಸುರಿಯುವುದಿಲ್ಲ. ಇಂದು ಇಳಿದ ಎಣ್ಣೆಯ ಒಂದು ಪಾಲನ್ನೇ ನಾಳೆಯ ಪುಡಿ ಕಲಸಲು ಹಿಂದಕ್ಕೆ ಕಳಿಸುತ್ತಾರೆ, ಹಿಂದಿನ ದಿನದ ಮಜ್ಜಿಗೆ ಇಂದಿನ ಹಾಲಿಗೆ ಹೆಪ್ಪಾಗುವ ಹಾಗೆ. ಹೆಪ್ಪು ಕೆಟ್ಟರೆ ಮೊಸರೂ ಕೆಟ್ಟಿತು. ಆ ಪಾಲಿನಲ್ಲಿ ಜಲಜನಕ ಕೊಡುವವರು ಎಷ್ಟಿದ್ದಾರೆ, ಕೊಟ್ಟು ಬರಿಗೈಯಾದವರು ಎಷ್ಟಿದ್ದಾರೆ ಎಂದು ಗೊತ್ತಾಗಲು ಎಣ್ಣೆಯನ್ನು ಬಿಡಿಸಿ ನೋಡಲೇಬೇಕು.

ತಾನೇ ತುಂಬಿಕೊಳ್ಳುವ ಕಾಫಿ ಫಿಲ್ಟರ್

ಬಿಡಿಸುವ ಮೊದಲ ಹೆಜ್ಜೆ ಕರಗುವಿಕೆಯ ಪರೀಕ್ಷೆ. ಪ್ರಯೋಗಾಲಯದ ಮೇಜಿನ ಮೇಲೆ ಅದಕ್ಕೊಂದು ಗಾಜಿನ ಸಲಕರಣೆ ಇರುತ್ತದೆ, ಹೆಸರು ಸಾಕ್ಸ್‌ಲೆಟ್. ಹಾಲಿನ ಕೊಬ್ಬು ಅಳೆಯಲೆಂದು 1879ರಲ್ಲಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಮಾಡಿದ ಯುಕ್ತಿ ಅದು. ಡಿಕಾಕ್ಷನ್ ಇಳಿಸುವ ನಮ್ಮ ಕಾಫಿ ಫಿಲ್ಟರನ್ನು ನೆನಪಿಸಿಕೊಳ್ಳಿ. ಮೊದಲ ಡಿಕಾಕ್ಷನ್ ಗಟ್ಟಿ, ಎರಡನೆಯದು ತೆಳು, ಪ್ರತಿ ಸಲವೂ ನಾವೇ ಬಿಸಿನೀರು ಹಾಕಬೇಕು. ಸಾಕ್ಸ್‌ಲೆಟ್ ತಾನೇ ತಾಜಾ ದ್ರಾವಕ ಹಾಕಿಕೊಳ್ಳುವ ಫಿಲ್ಟರ್. ಕೆಳಗಿನ ಬುರುಡೆಯಲ್ಲಿ ದ್ರಾವಕ ಕುದಿಯುತ್ತದೆ, ಆವಿ ಮೇಲೇರಿ ತಣ್ಣಗಾಗಿ ಕಾಗದದ ಕೊಳವೆಯಲ್ಲಿಟ್ಟ ಮಾದರಿಯ ಮೇಲೆ ಹನಿಹನಿಯಾಗಿ ಬೀಳುತ್ತದೆ. ಒಂದು ಮಟ್ಟಕ್ಕೆ ತುಂಬಿದೊಡನೆ ಪಕ್ಕದ ಬಾಗುಕೊಳವೆಯಿಂದ ಗೊಳಕ್ಕನೆ ಬುರುಡೆಗೆ ಇಳಿದುಬಿಡುತ್ತದೆ. ಮೊದಮೊದಲು ಕಪ್ಪಗೆ ಇಳಿದದ್ದು ಗಂಟೆಗಳು ಕಳೆದ ಮೇಲೆ ನೀರಿನಂತೆ ತಿಳಿಯಾಗುತ್ತದೆ. ಆ ದ್ರಾವಕಕ್ಕೆ ಕರಗುವುದೆಲ್ಲ ಮುಗಿಯಿತು ಎಂದರ್ಥ.

ಮೊದಲು ಹೆಕ್ಸೇನ್ ಹಾಕುತ್ತಾರೆ. ಅದಕ್ಕೆ ಕರಗಿದ್ದು ಈ ಕಸುಬಿನವರ ಲೆಕ್ಕದಲ್ಲಿ ‘ಎಣ್ಣೆ’. ಉಳಿದದ್ದಕ್ಕೆ ಟಾಲ್ವೀನ್, ಅದಕ್ಕೆ ಕರಗಿದ್ದು ‘ಆಸ್ಫಾಲ್ಟೀನ್’. ಇನ್ನೂ ಉಳಿದದ್ದಕ್ಕೆ ಟೆಟ್ರಾಹೈಡ್ರೊಫ್ಯೂರಾನ್ ಅಥವಾ ಪಿರಿಡೀನ್; ಅದಕ್ಕೂ ಕರಗಿದ್ದು ‘ಪ್ರೀ-ಆಸ್ಫಾಲ್ಟೀನ್’. ಯಾವುದಕ್ಕೂ ಜಗ್ಗದೆ ಕಾಗದದಲ್ಲೇ ಕೂತದ್ದು ಬೂದಿಯ ಖನಿಜ ಮತ್ತು ಕರಗದೆ ಉಳಿದ ಕಲ್ಲಿದ್ದಲು. ಇವು ರಾಸಾಯನಿಕ ಹೆಸರುಗಳಲ್ಲ, ಜರಡಿಯ ಹೆಸರುಗಳು. ರಾಗಿಹಿಟ್ಟನ್ನು ಜರಡಿ ಹಿಡಿದು ನುಣುಪು, ತರಿ, ಹೊಟ್ಟು ಎಂದಂತೆ. ಆದರೂ ಇಷ್ಟರಿಂದಲೇ ಘಟಕ ಹೇಗೆ ನಡೆದಿದೆ ಎಂದು ಹೇಳಬಹುದು. ಪ್ರೀ-ಆಸ್ಫಾಲ್ಟೀನ್ ಹೆಚ್ಚಾಗಿದ್ದರೆ ಕಲ್ಲಿದ್ದಲು ಒಡೆದಿದೆ, ಜಲಜನಕ ಸಾಲದಾಗಿದೆ. ಎಣ್ಣೆಯ ಪಾಲು ಏರಿದ್ದರೆ ವೇಗವರ್ಧಕ ಇನ್ನೂ ಗಟ್ಟಿಯಾಗಿದೆ.

ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ಆಮ್ಲ

ಎರಡನೇ ಹೆಜ್ಜೆ ಸ್ವಭಾವದ ಪರೀಕ್ಷೆ. ಎಣ್ಣೆಯನ್ನು ತೆಳುವಾಗಿ ಕರಗಿಸಿ, ಪೇರಳೆ ಆಕಾರದ ಗಾಜಿನ ಸೆಪರೇಟಿಂಗ್ ಫನಲ್‌ಗೆ ಹಾಕಿ, ಕಾಸ್ಟಿಕ್ ಸೋಡಾದ ನೀರು ಸುರಿದು ಅಲುಗಾಡಿಸುತ್ತಾರೆ. ಫೀನಾಲ್‌ಗಳು ಸ್ವಲ್ಪ ಆಮ್ಲ ಗುಣದವು. ಕ್ಷಾರ ಸಿಕ್ಕೊಡನೆ ಲವಣವಾಗಿ ಎಣ್ಣೆ ಬಿಟ್ಟು ನೀರಿಗೆ ಇಳಿಯುತ್ತವೆ. ಕೆಳಗಿನ ನೀರನ್ನು ತಿರುಗುಮೊಳೆ ತೆರೆದು ಬೇರೆ ಪಾತ್ರೆಗೆ ಬಿಟ್ಟು, ಅದಕ್ಕೆ ಆಮ್ಲ ಹಾಕಿದರೆ ಫೀನಾಲ್‌ಗಳು ಮತ್ತೆ ಎಣ್ಣೆಯಾಗಿ ಬೇರೆಯಾಗುತ್ತವೆ. ಫನಲ್‌ನಲ್ಲಿ ಉಳಿದದ್ದಕ್ಕೆ ತೆಳು ಗಂಧಕಾಮ್ಲ. ಈ ಸಲ ನೀರಿಗೆ ಇಳಿಯುವವು ಸಾರಜನಕ ಹೊತ್ತ ಕ್ಷಾರಗಳು: ಪಿರಿಡೀನ್, ಕ್ವಿನೊಲೀನ್, ಅನಿಲೀನ್. ಎರಡಕ್ಕೂ ಒಲಿಯದೆ ಉಳಿದವು ತಟಸ್ಥ ಹೈಡ್ರೊಕಾರ್ಬನ್‌ಗಳು.

ಹೇಳಲು ಸುಲಭ. ಮೇಜಿನ ಮುಂದೆ ನಿಂತವನಿಗೆ ಮಾತ್ರ ಗೊತ್ತು ಅದರ ಪಾಡು. ಮೇಲೆ ಎಣ್ಣೆ, ಕೆಳಗೆ ನೀರು ಎಂದು ಗೆರೆ ಕೊರೆದಂತೆ ನಿಲ್ಲಬೇಕಾದ ಕಡೆ ಕಲ್ಲಿದ್ದಲಿನೆಣ್ಣೆ ಬೆಣ್ಣೆ ಬಾರದ ಮಜ್ಜಿಗೆಯಂತೆ ಕದಡಿ ನಿಂತುಬಿಡುತ್ತದೆ. ಆಸ್ಫಾಲ್ಟೀನ್ ಅಣುಗಳು ಹನಿಗಳ ಸುತ್ತ ಬೇಲಿ ಹಾಕಿ ಅವು ಒಂದಾಗಲು ಬಿಡುವುದಿಲ್ಲ. ಉಪ್ಪು ಹಾಕಿ, ತುಸು ಬೆಚ್ಚಗೆ ಮಾಡಿ, ಕೆಲವೊಮ್ಮೆ ರಾತ್ರಿಯಿಡೀ ಕಾಯಬೇಕು. ಅದಕ್ಕೇ ಅನುಭವಿಗಳು ಮೊದಲು ಹೆಕ್ಸೇನ್‌ನಿಂದ ಆಸ್ಫಾಲ್ಟೀನನ್ನು ಹೊರಗೆ ಹಾಕಿ ಆಮೇಲೆ ಫನಲ್ ಮುಟ್ಟುತ್ತಾರೆ.

ಈ ಆಟ ಇಂದಿನದಲ್ಲ. 1834ರಲ್ಲಿ ಬರ್ಲಿನ್ ಬಳಿಯ ಒರಾನಿಯನ್‌ಬರ್ಗ್‌ನಲ್ಲಿ ಫ್ರೀಡ್ಲೀಬ್ ಫರ್ಡಿನಾಂಡ್ ರೂಂಗೆ ಕಲ್ಲಿದ್ದಲಿನ ಡಾಂಬರನ್ನು ಹೀಗೇ ಆಮ್ಲ–ಕ್ಷಾರಗಳಲ್ಲಿ ತೊಳೆದು ಫೀನಾಲ್, ಅನಿಲೀನ್, ಕ್ವಿನೊಲೀನ್‌ಗಳನ್ನು ಬೇರೆ ಮಾಡಿದ್ದ. ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸಿದವನೂ ಇವನೇ. ಕಾಗದದ ಮೇಲೆ ಬಿಟ್ಟ ಹನಿ ಹರಡುತ್ತ ಬಣ್ಣಬಣ್ಣದ ಬಳೆಗಳಾಗುವುದನ್ನು ಬೆರಗಿನಿಂದ ನೋಡಿ, 1855ರಲ್ಲಿ ಅಂಥ ಚಿತ್ರಗಳ ಪುಸ್ತಕವನ್ನೇ ಹೊರತಂದ. ಅರ್ಧ ಶತಮಾನದ ಬಳಿಕ ರಷ್ಯಾದ ಮಿಖಾಯಿಲ್ ತ್ಸ್ವೆತ್ ಎಲೆಯ ಬಣ್ಣಗಳನ್ನು ಕೊಳವೆಯಲ್ಲಿ ತುಂಬಿದ ಸೀಮೆಸುಣ್ಣದ ಪುಡಿಯ ಮೇಲೆ ಇಳಿಬಿಟ್ಟು ಪಟ್ಟೆಪಟ್ಟೆಯಾಗಿ ಬಿಡಿಸಿದಾಗ, ಆ ವಿದ್ಯೆಗೆ ಕ್ರೊಮಟಾಗ್ರಫಿ ಎಂಬ ಹೆಸರು ಬಂತು. ಕಲ್ಲಿದ್ದಲಿನೆಣ್ಣೆಯ ತಟಸ್ಥ ಪಾಲು ಇಂದಿಗೂ ಅದೇ ದಾರಿ ಹಿಡಿಯುತ್ತದೆ. ಸಿಲಿಕಾ ಅಥವಾ ಅಲ್ಯೂಮಿನಾ ತುಂಬಿದ ಕೊಳವೆಯ ನೆತ್ತಿಗೆ ಎಣ್ಣೆ ಹಾಕಿ ಹೆಕ್ಸೇನ್ ಸುರಿದರೆ ಮೇಣದಂಥ ನೇರ ಸರಪಳಿಗಳು ಮೊದಲು ಇಳಿಯುತ್ತವೆ, ಟಾಲ್ವೀನಿಗೆ ಉಂಗುರದವು, ಮೆಥನಾಲ್ ಸುರಿಯುವ ತನಕ ಆಮ್ಲಜನಕ, ಸಾರಜನಕ ಹೊತ್ತ ಜಿಗುಟಿನವು ಜಾಗ ಬಿಟ್ಟು ಕದಲುವುದಿಲ್ಲ. ಕತ್ತಲ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿದರೆ ಉಂಗುರದವು ಇಳಿಯುವ ಜಾಗ ನೀಲಿಯಾಗಿ ಹೊಳೆಯುತ್ತದೆ.

ಬೇರೆ ಮಾಡಿದಾಗಲೇ ಕಾಣುವ ಸತ್ಯಗಳೂ ಇವೆ. ಕಲ್ಲಿದ್ದಲಿನೆಣ್ಣೆ ಇಷ್ಟು ಮಂದವೇಕೆ ಎಂಬ ಪ್ರಶ್ನೆಯನ್ನು 1975ರಲ್ಲಿ ಪಿಟ್ಸ್‌ಬರ್ಗ್‌ನ ಸಂಶೋಧಕರು ಕೈಗೆತ್ತಿಕೊಂಡರು. ಟಾಲ್ವೀನಿನಲ್ಲಿ ಕರಗಿಸಿದ ಆಸ್ಫಾಲ್ಟೀನ್‌ಗೆ ಒಣ ಹೈಡ್ರೊಜನ್ ಕ್ಲೋರೈಡ್ ಅನಿಲ ಹಾಯಿಸಿದರು. ಕ್ಷಾರ ಗುಣದ ಅಣುಗಳು ಲವಣವಾಗಿ ತಳಕ್ಕಿಳಿದವು, ಆಮ್ಲ ಗುಣದವು ಮೇಲೆ ಉಳಿದವು. ಎರಡೂ ಒಂದೇ ಕಡೆ ಇದ್ದಾಗ ಜಲಜನಕದ ಕೊಂಡಿಯಿಂದ ಕೈಕೈ ಹಿಡಿದುಕೊಳ್ಳುತ್ತವೆ, ಮಂದತೆಗೆ ಅದೇ ದೊಡ್ಡ ಕಾರಣ ಎಂದು ಅವರು ವಾದಿಸಿದರು. ಅಲ್ಲಿಯ ತನಕ ಅಣುವಿನ ಗಾತ್ರವನ್ನೇ ದೂರುತ್ತಿದ್ದ ಎಂಜಿನಿಯರುಗಳಿಗೆ ಅಣುಗಳ ಸ್ನೇಹವನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು.

ಒಂದೇ ತೂಕದ ಅವಳಿಗಳು

ಇಷ್ಟಾದ ಮೇಲೆ ಯಂತ್ರಗಳ ಸರದಿ. ಗ್ಯಾಸ್ ಕ್ರೊಮಟಾಗ್ರಫಿಯಲ್ಲಿ ಕೂದಲೆಳೆಯಂಥ ಕೊಳವೆ ಸುರುಳಿ ಸುತ್ತಿಕೊಂಡು 30–60 ಮೀಟರ್ ಉದ್ದಕ್ಕಿರುತ್ತದೆ. ಎಣ್ಣೆಯ ಒಂದು ಕಣವನ್ನು ಆವಿ ಮಾಡಿ ಅದರೊಳಗೆ ಓಡಿಸಿದರೆ ಹಗುರದವು ಬೇಗ, ಭಾರದವು ತಡವಾಗಿ ಇನ್ನೊಂದು ತುದಿ ತಲುಪುತ್ತವೆ. ಅಲ್ಲಿ ಕಾದಿರುವ ಮಾಸ್ ಸ್ಪೆಕ್ಟ್ರೊಮೀಟರ್ ಬಂದವರನ್ನೆಲ್ಲ ತೂಗುತ್ತದೆ.

ಎರಡೂ ಏಕೆ ಬೇಕು? ಆಂತ್ರಸೀನ್ ಮತ್ತು ಫೆನಾಂತ್ರೀನ್ ಅವಳಿಗಳನ್ನು ನೋಡಿ. ಇಬ್ಬರಲ್ಲೂ ಮೂರು ಉಂಗುರ, 14 ಇಂಗಾಲ, 10 ಜಲಜನಕ, ತೂಕ 178. ಕುದಿಯುವುದೂ ಹೆಚ್ಚುಕಡಿಮೆ 340 ಡಿಗ್ರಿಯಲ್ಲೇ. ಒಬ್ಬನ ಉಂಗುರಗಳು ಸಾಲಾಗಿ ನಿಂತಿವೆ, ಇನ್ನೊಬ್ಬನವು ಮೊಣಕೈಯಂತೆ ಬಾಗಿವೆ, ಅಷ್ಟೇ ಭೇದ. ತಕ್ಕಡಿಗೆ ಇದು ಕಾಣದು. ಉದ್ದದ ಕೊಳವೆಯಲ್ಲಿ ಓಡುವಾಗ ಮಾತ್ರ ಒಬ್ಬ ಇನ್ನೊಬ್ಬನಿಗಿಂತ ಚೂರು ಮುಂಚೆ ಬರುತ್ತಾನೆ. ಬರೀ ಓಟ ನೋಡಿದರೆ ಯಾರೆಂದು ತಿಳಿಯದು, ಬರೀ ತೂಕ ನೋಡಿದರೆ ಯಾವ ಅವಳಿ ಎಂದು ತಿಳಿಯದು.

ಆದರೆ ಆವಿಯಾಗದ ಭಾರದ ಪಾಲು ಈ ಕೊಳವೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಗ್ಯಾಸ್ ಕ್ರೊಮಟಾಗ್ರಫಿಯ ವರದಿಯಲ್ಲಿ ಸಾಲುಸಾಲು ಶಿಖರಗಳನ್ನು ಕಂಡು ‘ಎಲ್ಲ ತಿಳಿಯಿತು’ ಎನ್ನುವುದು, ಜಾತ್ರೆಗೆ ಬಂದವರಲ್ಲಿ ತೇರಿನ ಮುಂದೆ ನಿಂತವರನ್ನಷ್ಟೇ ಎಣಿಸಿದ ಹಾಗೆ. ಉಳಿದವರಿಗೆ ಎನ್‌ಎಂಆರ್ ಎಂಬ ಇನ್ನೊಂದು ಯಂತ್ರ ಬೇಕು. ಅದು ಅಣುವಿನ ಹೆಸರು ಹೇಳದಿದ್ದರೂ ಜಲಜನಕಗಳಲ್ಲಿ ಎಷ್ಟು ಪಾಲು ಉಂಗುರದ ಮೇಲಿದೆ, ಎಷ್ಟು ಪಾಲು ಬಾಲದಲ್ಲಿದೆ ಎಂದು ಹೇಳುತ್ತದೆ. ಇನ್ನೂ ಸೂಕ್ಷ್ಮ ಬೇಕೆಂದರೆ ಬಲವಾದ ಕಾಂತಕ್ಷೇತ್ರದಲ್ಲಿ ಅಣುಗಳನ್ನು ಗಿರಕಿ ಹೊಡೆಸಿ ತೂಗುವ ಯಂತ್ರಗಳಿವೆ. ಮೂರು ಇಂಗಾಲದ ತೂಕವೂ, ಒಂದು ಗಂಧಕ ಮತ್ತು ನಾಲ್ಕು ಜಲಜನಕ ಸೇರಿದ ತೂಕವೂ 36 ಎಂದು ನಾವು ಶಾಲೆಯಲ್ಲಿ ಲೆಕ್ಕ ಹಾಕುತ್ತೇವೆ. ನಿಜವಾದ ವ್ಯತ್ಯಾಸ 0.0034. ಅಷ್ಟು ಸಣ್ಣ ಅಂತರವನ್ನು ಹಿಡಿಯಬಲ್ಲ ತಕ್ಕಡಿ ಸಿಕ್ಕ ಮೇಲೆಯೇ ಒಂದೇ ಮಾದರಿಯಲ್ಲಿ ಸಾವಿರಾರು ಅಣುಸೂತ್ರಗಳನ್ನು ಪಟ್ಟಿ ಮಾಡುವುದು ಸಾಧ್ಯವಾದದ್ದು.

ವಿಷದ ಜಾಡು

ಬಿಡಿಸುವ ವಿದ್ಯೆಯ ಬೆಲೆ ಗೊತ್ತಾಗುವುದು ಮನುಷ್ಯರ ಚರ್ಮದ ಕಥೆಯಲ್ಲಿ. ಲಂಡನ್ನಿನಲ್ಲಿ ಹೊಗೆಗೂಡು ಗುಡಿಸುವವರಿಗೆ ಬರುವ ಕ್ಯಾನ್ಸರಿಗೂ ಮಸಿಗೂ ನಂಟಿದೆ ಎಂದು ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಂಬರು ಬಳಿದು ಕ್ಯಾನ್ಸರ್ ಬರಿಸಿ ತೋರಿಸಿದರು. ಡಾಂಬರಿನಲ್ಲಿರುವ ಯಾವ ವಸ್ತು ಅಪರಾಧಿ? ಲಂಡನ್ನಿನಲ್ಲಿ ಅರ್ನೆಸ್ಟ್ ಕೆನವೇ ಅವರ ಬಳಗ ಎರಡು ಟನ್ ಡಾಂಬರುಗಸಿಯನ್ನು ಬಟ್ಟಿ ಇಳಿಸುತ್ತ, ಕರಗಿಸುತ್ತ, ಹರಳುಗಟ್ಟಿಸುತ್ತ, ಪ್ರತಿ ಹಂತದಲ್ಲೂ ಬೆಳಕಿಗೆ ಹೊಳೆಯುವ ಒಂದು ವಿಶಿಷ್ಟ ಬಗೆಯನ್ನೇ ಗುರುತಾಗಿ ಹಿಡಿದು ಹಿಂಬಾಲಿಸಿತು. 1933ರಲ್ಲಿ ಕೈಗೆ ಸಿಕ್ಕಿದ್ದು ಒಂದು ಬೊಗಸೆಯನ್ನೂ ತುಂಬದ ಹಳದಿ ಹರಳು: ಬೆಂಜೊಪೈರೀನ್.

ಕಲ್ಲಿದ್ದಲಿನೆಣ್ಣೆಯೂ ಈ ಡಾಂಬರಿನ ಬಳಗಕ್ಕೇ ಸೇರಿದ್ದು. ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ 1950ರ ದಶಕದಲ್ಲಿ ನಡೆದ ಒಂದು ಕಲ್ಲಿದ್ದಲು ಜಲಜನಕೀಕರಣ ಘಟಕದ ಕಾರ್ಮಿಕರಲ್ಲಿ ಚರ್ಮದ ಕ್ಯಾನ್ಸರ್ ಸಾಮಾನ್ಯರಿಗಿಂತ ಹಲವು ಪಟ್ಟು ಹೆಚ್ಚು ಎಂದು 1960ರಲ್ಲಿ ವೈದ್ಯಕೀಯ ವರದಿ ಬಂತು. 1970ರ ದಶಕದಲ್ಲಿ ಮತ್ತೆ ಘಟಕಗಳು ಎದ್ದಾಗ ಈ ನೆನಪು ಎಚ್ಚರಿಸಿತು. ಆಗ ಓಕ್ ರಿಡ್ಜ್ ಮತ್ತು ರಿಚ್‌ಲ್ಯಾಂಡ್ ಪ್ರಯೋಗಾಲಯಗಳು ಹಿಡಿದ ದಾರಿ ಬಲು ಸೊಗಸಾದದ್ದು. ಎಣ್ಣೆಯನ್ನು ಆಮ್ಲ, ಕ್ಷಾರ, ತಟಸ್ಥ ಎಂದು ಬೇರೆ ಮಾಡಿ, ಒಂದೊಂದನ್ನೂ ಮತ್ತೆ ಪಾಲು ಮಾಡಿ, ಪ್ರತಿ ಪಾಲನ್ನೂ ಬ್ರೂಸ್ ಏಮ್ಸ್ ಕಂಡುಹಿಡಿದ ಪರೀಕ್ಷೆಗೆ ಒಡ್ಡಿದರು. ಹಿಸ್ಟಿಡೀನ್ ಎಂಬ ಪೋಷಕಾಂಶವನ್ನು ತಾವೇ ತಯಾರಿಸಿಕೊಳ್ಳಲಾರದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ಅದಿಲ್ಲದ ತಟ್ಟೆಯಲ್ಲಿ ಬಿಡುವುದು. ಸೇರಿಸಿದ ವಸ್ತು ವಂಶವಾಹಿಯನ್ನು ಕೆಡಿಸುವಂಥದ್ದಾದರೆ ಕೆಲವು ಬ್ಯಾಕ್ಟೀರಿಯಾಗಳು ಬದಲಾಗಿ ಬದುಕಿಕೊಳ್ಳುತ್ತವೆ, ತಟ್ಟೆಯ ಮೇಲೆ ಚುಕ್ಕೆಗಳು ಏಳುತ್ತವೆ. ಚುಕ್ಕೆ ಹೆಚ್ಚಿದ ಪಾಲನ್ನು ಮತ್ತೆ ಒಡೆಯುವುದು, ಮತ್ತೆ ಚುಕ್ಕೆ ಎಣಿಸುವುದು.

ಜಾಡು ಹಿಡಿದು ಹೋದವರಿಗೆ ಎದುರಾದವರು ಬೆಂಜೊಪೈರೀನ್‌ನಂಥ ಹಳೆಯ ಪರಿಚಿತರಷ್ಟೇ ಅಲ್ಲ. ಈ ಪರೀಕ್ಷೆಯ ಮಟ್ಟಿಗೆ ಹೆಚ್ಚಿನ ಹೊಣೆ ಹೊತ್ತವು ಕ್ಷಾರದ ಪಾಲಿನಲ್ಲಿದ್ದ ಆರೊಮ್ಯಾಟಿಕ್ ಅಮೈನ್‌ಗಳು, ಅಂದರೆ ಮೂರು ನಾಲ್ಕು ಉಂಗುರಗಳಿಗೆ ಸಾರಜನಕದ ಬಾಲ ಅಂಟಿಕೊಂಡ ಅಣುಗಳು. ಎಣ್ಣೆಯಲ್ಲಿ ಅವುಗಳ ಪ್ರಮಾಣ ತೀರ ಅಲ್ಪ, ಬೇರೆ ಮಾಡದಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಯಾರೆಂದು ತಿಳಿದ ಮೇಲೆ ಮದ್ದೂ ಸಿಕ್ಕಿತು: ಎಣ್ಣೆಗೆ ಇನ್ನೊಮ್ಮೆ ಜಲಜನಕ ಕೊಟ್ಟರೆ ಆ ಸಾರಜನಕ ಅಮೋನಿಯಾ ಆಗಿ ಕಳಚಿಕೊಳ್ಳುತ್ತದೆ, ತಟ್ಟೆಯ ಚುಕ್ಕೆಗಳು ಬಹುಪಾಲು ಮಾಯವಾಗುತ್ತವೆ. ಶೇಖರಣೆಯಲ್ಲಿ ಎಣ್ಣೆ ದಿನೇ ದಿನೇ ಮಂದವಾಗುವ ತೊಂದರೆಗೂ ಇದೇ ಮದ್ದು. ಗಾಳಿಯ ಆಮ್ಲಜನಕ ತಾಗಿ ಒಂದಕ್ಕೊಂದು ಅಂಟಿಕೊಳ್ಳುವ ಫೀನಾಲ್ ಮತ್ತು ಸಾರಜನಕದ ಸಂಯುಕ್ತಗಳೇ ಅಲ್ಲಿ ಮುಖ್ಯ ಆರೋಪಿಗಳು.

ಇಂದಿನ ಲೆಕ್ಕ

ನೇರವಾಗಿ ಕಲ್ಲಿದ್ದಲು ಕರಗಿಸುವ ದೊಡ್ಡ ಕಾರ್ಖಾನೆ ಇಂದು ಚೀನಾದ ಒಳಮಂಗೋಲಿಯಾದ ಓರ್ಡೋಸ್‌ನಲ್ಲಿದೆ. 2008ರ ಡಿಸೆಂಬರ್ ಕೊನೆಯಲ್ಲಿ ಮೊದಲ ಬಾರಿ ಚಾಲೂ ಆದ ಅದರ ಸಾಮರ್ಥ್ಯ ವರ್ಷಕ್ಕೆ ಸುಮಾರು 10.8 ಲಕ್ಷ ಟನ್. ಒಂದು ಟನ್ ಎಣ್ಣೆಗೆ ಮೂರು ಟನ್ನಿಗೂ ಹೆಚ್ಚು ಕಲ್ಲಿದ್ದಲು ಬೇಕು. ಸೇರಿಸಬೇಕಾದ ಜಲಜನಕವನ್ನೂ ಸಾಮಾನ್ಯವಾಗಿ ಕಲ್ಲಿದ್ದಲಿನಿಂದಲೇ ತೆಗೆಯುವುದರಿಂದ ಗಾಳಿಗೆ ಹೋಗುವ ಇಂಗಾಲದ ಡೈಆಕ್ಸೈಡ್ ಹೊರೆ ದೊಡ್ಡದು.

ನಮ್ಮ ದೇಶದಲ್ಲಿ ಧನಬಾದ್‌ನ ಇಂಧನ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ದಶಕಗಳ ಕಾಲ ದುಡಿದಿದೆ. ಅಸ್ಸಾಮಿನ ಗಂಧಕ ಹೆಚ್ಚಿರುವ ಕಲ್ಲಿದ್ದಲನ್ನು ದ್ರವವಾಗಿಸುವ ಪ್ರಯೋಗಗಳು ದುಲಿಯಾಜಾನ್‌ನಲ್ಲಿ ನಡೆದಿವೆ. ಆದರೆ ಭಾರತದ ಬಹುಪಾಲು ಕಲ್ಲಿದ್ದಲಿನಲ್ಲಿ ಬೂದಿಯೇ ಮೂರನೇ ಒಂದು ಪಾಲಿನಷ್ಟು. ನೇರ ಕರಗಿಸುವಿಕೆಗೆ ಅದು ಒಗ್ಗದು. ಅದಕ್ಕೇ ಸರ್ಕಾರದ ಕಣ್ಣು ಕಲ್ಲಿದ್ದಲನ್ನು ಅನಿಲವಾಗಿಸುವ ಕಡೆಗಿದೆ. 2030ರ ಹೊತ್ತಿಗೆ 10 ಕೋಟಿ ಟನ್ ಎಂಬುದು ಘೋಷಿತ ಗುರಿ. ಅಣುಗಳನ್ನು ಪೂರ್ತಿ ಒಡೆದು ಹೊಸದಾಗಿ ಕಟ್ಟುವ ಆ ದಾರಿಯಲ್ಲಿ ಬರುವ ಎಣ್ಣೆ ಹೆಚ್ಚು ಸ್ವಚ್ಛ ನಿಜ. ಆದರೆ ಕಡಿಮೆ ಬಿಸಿಯಲ್ಲಿ ನಡೆಯುವ ಅನಿಲಗೂಡುಗಳು ಪಕ್ಕದಲ್ಲಿ ಡಾಂಬರನ್ನೂ ಫೀನಾಲ್ ಕಲೆತ ನೀರನ್ನೂ ಬಿಡುತ್ತವೆ. ಸೆಪರೇಟಿಂಗ್ ಫನಲ್ ಹಿಡಿದವನಿಗೆ ಅಲ್ಲೂ ಕೆಲಸವಿದೆ.

ಪತ್ರಿಕೆಯಲ್ಲಿ ಆಗಾಗ ‘ಕಲ್ಲಿದ್ದಲಿನಿಂದ ಪೆಟ್ರೋಲ್’ ಎಂದೋ ‘ಹಳೆ ಟೈರಿನಿಂದ ಎಣ್ಣೆ’, ‘ಪ್ಲಾಸ್ಟಿಕ್ ಕಸದಿಂದ ಡೀಸೆಲ್’ ಎಂದೋ ಸುದ್ದಿ ಬರುತ್ತದೆ. ಗಟ್ಟಿ ವಸ್ತುವನ್ನು ಕಾಯಿಸಿ ಕಪ್ಪು ದ್ರವ ಇಳಿಸುವುದು ದೊಡ್ಡ ಸಾಧನೆಯಲ್ಲ, ಬೆಂಕಿ ಇದ್ದವರೆಲ್ಲ ಮಾಡಬಹುದು. ಮುಂದಿನ ಸಲ ಅಂಥ ಸುದ್ದಿ ಓದಿದಾಗ, ಅಥವಾ ನಿಮ್ಮೂರ ಪಕ್ಕದಲ್ಲೇ ಅಂಥ ಘಟಕ ಬರುವುದಾದರೆ, ಎಷ್ಟು ಲೀಟರ್ ಬರುತ್ತದೆ ಎಂದು ಕೇಳುವ ಮುಂಚೆ ಆ ಸೀಸೆಯ ಜಾತಕ ಕೇಳಿ: ಫೀನಾಲ್ ಎಷ್ಟು, ಸಾರಜನಕದ ಕ್ಷಾರಗಳೆಷ್ಟು, ಬೆಂಜೊಪೈರೀನ್ ಎಷ್ಟು, ತಳದ ಗಸಿ ಎಲ್ಲಿಗೆ ಹೋಗುತ್ತದೆ, ಇದನ್ನೆಲ್ಲ ಅಳೆದವರು ಯಾರು. ಅಳೆದ ವರದಿ ತೋರಿಸಲಾರದವರಿಂದ ಆ ಎಣ್ಣೆಯನ್ನು ಕೊಳ್ಳಬೇಡಿ, ಅದನ್ನು ಬರಿಗೈಯಲ್ಲಿ ಮುಟ್ಟಲೂಬೇಡಿ.